ಮುಂಬಯಿಯ ಇನ್ನೊಂದು ದಶಾವತಾರ

ಅಂಧೇರಿ ಕಡೆಯ ನಮ್ಮ ಕರಾವಳಿ ಕನ್ನಡಿಗರ ಸಂಘಗಳು ತಂದ ಸ್ಮರಣ ಸಂಚಿಕೆಗಳಲ್ಲಿ ನಾನು ಓದಿದವೆಲ್ಲ ಹೆಚ್ಚುಕಡಿಮೆ ಒಂದೇ ಜಾಡಿನವು. ಹೋಟೆಲು, ರಾತ್ರಿ ಶಾಲೆ, ಭಜನಾ ಮಂಡಳಿ, ಶನಿಪೂಜೆ, ನಾಟಕ, ಯಕ್ಷಗಾನ. ಇವೆಲ್ಲ ಬರೆಯಬೇಕಾದವೇ, ಬರೆದವರಿಗೆ ನಮಸ್ಕಾರ. ಆದರೆ ಕಪ್ಪು ಟೀ ಶರ್ಟು ತೊಟ್ಟು, ಬೆನ್ನಿಗೆ ಗಿಟಾರು ಏರಿಸಿ, ಶನಿವಾರ ಸಂಜೆ ಮನೆಯಿಂದ ಹೊರಟುಹೋಗುತ್ತಿದ್ದ ಹುಡುಗರು ಎಲ್ಲಿಗೆ ಹೋದರು, ಏನು ಮಾಡಿದರು ಎನ್ನುವುದು ಯಾವ ಪುಟದಲ್ಲೂ ಇಲ್ಲ. ಅಂಧೇರಿಯ ಸಾಂಸ್ಕೃತಿಕ ಬದುಕಿನ ಬಗ್ಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಸಂಘದ ಸಂಚಿಕೆಯ ಸಂಪಾದಕರು ಕೇಳಿದಾಗ ಈ ಬಿಟ್ಟುಹೋದ ಪುಟವನ್ನೇ ಎತ್ತಿಕೊಂಡೆ. ಹಿರಿಯರು ಮುನಿಯಬಾರದು.

ಈ ಕಥೆಗೆ ಒಬ್ಬ ನಾಯಕ ಇದ್ದಾನೆ. ಸಾಹಿಲ್ ಮಖೀಜಾ. 2000ದಲ್ಲಿ, ಇನ್ನೂ ಹದಿಹರೆಯ ದಾಟದ ವಯಸ್ಸಿನಲ್ಲಿ, ಮುಂಬಯಿಯಲ್ಲಿ ‘ಡೆಮೋನಿಕ್ ರಿಸರೆಕ್ಷನ್’ ಎಂಬ ಮೆಟಲ್ ಬ್ಯಾಂಡ್ ಕಟ್ಟಿದವನು. ತಾನು ಇಟ್ಟುಕೊಂಡ ರಂಗನಾಮ ‘ಡೆಮನ್‌ಸ್ಟೀಲರ್’. ಹೆಸರು ಕೇಳಿದರೆ ಅಜ್ಜಿಯಂದಿರು ರಾಮ ರಾಮ ಎನ್ನಬೇಕು, ಹಾಗಿದೆ. ಆದರೆ ದೇಶದಲ್ಲಿ ಈ ಜಾತಿಯ ಸಂಗೀತವನ್ನು ಇಷ್ಟು ಕಾಲ ಹಿಡಿದು ನಡೆಸಿದವರು ಬೆರಳೆಣಿಕೆಯಷ್ಟೇ.

ಎಂಥ ಸಂಗೀತ ಇದು? ಡೆತ್ ಮೆಟಲ್ ಎಂದರೆ ಶ್ರುತಿ ಇಳಿಸಿ ಕಟ್ಟಿದ ಗಿಟಾರು, ಎರಡೂ ಕಾಲಿನಿಂದ ಬಾರಿಸುವ ಡ್ರಮ್, ಮಾತು ಸುಲಭಕ್ಕೆ ತಿಳಿಯದ ಗಂಟಲಿನ ಗುಡುಗು. 1990ರ ದಶಕದ ನಡುವೆ ಸ್ವೀಡನ್ನಿನ ಗೋಥೆನ್‌ಬರ್ಗ್ ಊರಿನ ಹುಡುಗರು ಇದಕ್ಕೆ ರಾಗದ ಎಳೆ ಸೇರಿಸಿದರು. ‘ಅಟ್ ದ ಗೇಟ್ಸ್’, ‘ಡಾರ್ಕ್ ಟ್ರ್ಯಾಂಕ್ವಿಲಿಟಿ’, ‘ಇನ್ ಫ್ಲೇಮ್ಸ್’ ಎಂಬ ಮೂರು ತಂಡಗಳು 1995–96ರ ಆಸುಪಾಸಿನಲ್ಲಿ ತಂದ ಆಲ್ಬಮ್‌ಗಳಿಂದ ಮೆಲೋಡಿಕ್ ಡೆತ್ ಮೆಟಲ್ ಎಂಬ ಪಂಥ ಗಟ್ಟಿಯಾಯಿತು. ಕಂಠ ಅದೇ ಒರಟು, ಆದರೆ ಗಿಟಾರು ಗುನುಗಿಕೊಳ್ಳಬಹುದಾದ ಧಾಟಿ ನುಡಿಸುತ್ತದೆ. ಮುಂಬಯಿಯ ಹುಡುಗರು ಇದಕ್ಕೆ ಕೀಬೋರ್ಡಿನ ಭವ್ಯತೆಯನ್ನೂ, ಬ್ಲ್ಯಾಕ್ ಮೆಟಲ್‌ನ ಕರಾಳ ಛಾಯೆಯನ್ನೂ, ನಡುನಡುವೆ ಬಿಚ್ಚುಕಂಠದ ಹಾಡನ್ನೂ ಬೆರೆಸಿದರು. ಶುದ್ಧ ಪಂಥದವರು ಇದನ್ನು ಕಲಬೆರಕೆ ಎನ್ನಬಹುದು. ಮುಂಬಯಿಯಲ್ಲಿ ಕಲಬೆರಕೆಯಲ್ಲದ್ದು ಯಾವುದಿದೆ?

ಕೂಗು ಕೇಳಿ ಕಿವಿ ಮುಚ್ಚಿಕೊಳ್ಳುವ ನಮ್ಮವರಿಗೆ ಒಂದು ಮಾತು. ಯಕ್ಷಗಾನದಲ್ಲಿ ಬಣ್ಣದ ವೇಷ ಚೌಕಿಯಿಂದ ಅಬ್ಬರಿಸುತ್ತಾ ಬರುವಾಗ, ಚೆಂಡೆಯ ಪೆಟ್ಟು ಏರುತ್ತಾ ಹೋಗುವಾಗ, ಆ ಅಟ್ಟಹಾಸದಲ್ಲಿ ಶಬ್ದಾರ್ಥ ಹುಡುಕುವವರುಂಟೇ? ಅದು ಪಾತ್ರದ ದನಿ. ಇವರದ್ದೂ ಹಾಗೆಯೇ. ಅದೂ ಬರೀ ಕಿರುಚಾಟವಲ್ಲ. ಹೊಟ್ಟೆಯಿಂದ ಉಸಿರು ಹಿಡಿದು, ಗಂಟಲಿಗೆ ಪೆಟ್ಟಾಗದಂತೆ ದನಿಯನ್ನು ಒರಟು ಮಾಡಿಕೊಳ್ಳುವ ಅಭ್ಯಾಸ. ಅಭ್ಯಾಸವಿಲ್ಲದೆ ಕೂಗಿದವನ ಗಂಟಲು ಎರಡು ಹಾಡಿಗೆ ಕೂತುಬಿಡುತ್ತದೆ.

ಮುಂಬಯಿಗೆ ಈ ಶಬ್ದ ಬಂದದ್ದು ಕ್ಯಾಸೆಟ್ಟಿನ ದಾರಿಯಲ್ಲಿ. ಕಾಲಾಘೋಡಾದ ರಿದಮ್ ಹೌಸ್ ಅಂಗಡಿ, ಅಲ್ಲಿ ಸಿಗದಿದ್ದರೆ ಗೆಳೆಯನಿಂದ ಗೆಳೆಯನಿಗೆ ದಾಟುವ ನಕಲು ಕ್ಯಾಸೆಟ್ಟು. 1993ರಲ್ಲಿ ಅಲಹಾಬಾದಿನಿಂದ ಅಮಿತ್ ಸೈಗಲ್ ಆರಂಭಿಸಿದ ‘ರಾಕ್ ಸ್ಟ್ರೀಟ್ ಜರ್ನಲ್’ ಪತ್ರಿಕೆ ಎಲ್ಲೆಲ್ಲೋ ಚದುರಿದ್ದ ಈ ಹುಡುಗರಿಗೆ ಪರಸ್ಪರರ ಸುದ್ದಿ ತಲುಪಿಸುತ್ತಿತ್ತು. ರಿದಮ್ ಹೌಸ್ 2016ರಲ್ಲಿ ಬಾಗಿಲು ಹಾಕಿತು.

ಬಯಲಿನ ವೇದಿಕೆ ಎಂದರೆ ಆಗ ಧೋಬಿ ತಲಾವ್‌ನ ರಂಗಭವನ. ಸೇಂಟ್ ಕ್ಸೇವಿಯರ್ಸ್ ಕಾಲೇಜಿನ ಪಕ್ಕದ ಬಯಲು ರಂಗಮಂದಿರ. 1978ರಲ್ಲಿ ಜಾಝ್ ಯಾತ್ರಾ ಉತ್ಸವ ನಡೆದ ಸ್ಥಳ. 1986ರಲ್ಲಿ ಫರ್ಹಾದ್ ವಾಡಿಯಾ ‘ಇಂಡಿಪೆಂಡೆನ್ಸ್ ರಾಕ್’ ಉತ್ಸವ ಶುರು ಮಾಡಿದ ಮೇಲೆ, ಪ್ರತಿ ವರ್ಷ ಸ್ವಾತಂತ್ರ್ಯ ದಿನದ ಆಸುಪಾಸಿಗೆ ಉಪನಗರದ ಹುಡುಗರೆಲ್ಲ ಲೋಕಲ್ ಹಿಡಿದು ಅಲ್ಲಿಗೆ ಇಳಿಯುತ್ತಿದ್ದರು. 2000ದಲ್ಲಿ ಶಬ್ದ ಮಾಲಿನ್ಯ ನಿಯಮಗಳು ಬಂದವು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ನೂರು ಮೀಟರಿನೊಳಗೆ ನಿಶ್ಶಬ್ದ ವಲಯ, ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬಂದ್. ಒಂದು ಕಡೆ ಕಾಲೇಜು, ಇನ್ನೊಂದು ಕಡೆ ಆಸ್ಪತ್ರೆ. ರಂಗಭವನದ ಕಥೆ ಅಲ್ಲಿಗೆ ಮುಗಿಯಿತು. ಇದೇ ಹತ್ತು ಗಂಟೆಯ ನಿಯಮ 2022ರಲ್ಲಿ ಕಟೀಲು ಯಕ್ಷಗಾನ ಮೇಳಗಳ ರಾತ್ರಿಯಾಟಕ್ಕೂ ಅಡ್ಡ ಬಂದಾಗ ಊರೆಲ್ಲ ಸುದ್ದಿಯಾಯಿತು. ಈ ಹುಡುಗರು ಅದೇ ಪೆಟ್ಟು ತಿಂದು ಆಗಲೇ ಎರಡು ದಶಕವಾಗಿತ್ತು. ಅವರ ಪರವಾಗಿ ಮಾತಾಡಿದ ಹಿರಿಯರು ಕಡಿಮೆ.

ರಂಗಭವನ ಹೋದದ್ದರಿಂದ ಉಪನಗರಕ್ಕೆ ಲಾಭವಾಯಿತು. ಸಂಗೀತ ಬಡಗಣಕ್ಕೆ ಸರಿಯಿತು. ಜುಹೂ ತಾರಾ ರಸ್ತೆಯ ‘ರಾಝ್‌ಬೆರಿ ರೈನಾಸರಸ್’ ಕ್ಲಬ್ಬು 2000ದ ದಶಕದ ಮೊದಲ ವರ್ಷಗಳಲ್ಲಿ ಮೆಟಲ್ ಹುಡುಗರ ಅಡ್ಡೆಯಾಯಿತು. ಸಿನಿಮಾ ಸೆಟ್ಟುಗಳಿಗೆ ಹೆಸರಾದ ಅಂಧೇರಿ ಪಶ್ಚಿಮದ ಚಿತ್ರಕೂಟ ಮೈದಾನಕ್ಕೆ ‘ಇಂಡಿಪೆಂಡೆನ್ಸ್ ರಾಕ್’ ಕೂಡ ಬಂತು. ಆಮೇಲೆ ಅಂಧೇರಿ ಪಶ್ಚಿಮದಲ್ಲೇ ‘ಬಿ 69’ ಎಂಬ ಪುಟ್ಟ ಜಾಗ. ಅದು ಸಭಾಂಗಣವೂ ಅಲ್ಲ, ಹೋಟೆಲೂ ಅಲ್ಲ, ಗಾಲಾ, ಅಂದರೆ ಕಾರ್ಖಾನೆ ಆವರಣದ ಒಂದು ಕೋಣೆ. ಹಗಲಲ್ಲಿ ಅಕ್ಕಪಕ್ಕದ ಗಾಲಾಗಳಲ್ಲಿ ಯಂತ್ರದ ಸದ್ದು, ರಾತ್ರಿ ಇವರದು. ಎರಡಕ್ಕೂ ದೂರು ಕೊಡಲು ಹತ್ತಿರದಲ್ಲಿ ಸಂಸಾರಸ್ಥರ ಮನೆಗಳಿರಲಿಲ್ಲ ಎನ್ನುವುದೇ ದೊಡ್ಡ ಅನುಕೂಲವಾಗಿತ್ತು.

ಇಂಥ ಕೋಣೆಯಲ್ಲಿ ಒಮ್ಮೆ ಗೋಡೆಗೆ ಒರಗಿ ನಿಂತು ನೋಡಿದ್ದೇನೆ. ಏಸಿ ಇತ್ತು, ಇದ್ದೂ ಇಲ್ಲದಂತೆ. ಹಾಡು ಬಿಗಿಯಾದಂತೆ ಮುಂದಿನ ಹುಡುಗರು ವೃತ್ತ ಮಾಡಿ ಒಬ್ಬರಿಗೊಬ್ಬರು ಹಾಯತೊಡಗಿದರು. ಹೊಡೆದಾಟವೇ ಆಯಿತು ಎಂದುಕೊಂಡೆ. ಅಷ್ಟರಲ್ಲಿ ಒಬ್ಬ ಜಾರಿ ಬಿದ್ದ. ಬಿದ್ದ ಕ್ಷಣಕ್ಕೆ ನಾಲ್ಕು ಕೈಗಳು ಅವನ ಕಂಕುಳಿಗೆ ಬಿದ್ದು ಎತ್ತಿ ನಿಲ್ಲಿಸಿದವು, ಒಬ್ಬ ನೆಲದಲ್ಲಿ ಬಿದ್ದ ಕನ್ನಡಕ ಹುಡುಕಿ ಒರೆಸಿ ಕೊಟ್ಟ, ಮತ್ತೆ ಹಾಯುವಾಟ. ಬಿದ್ದವನನ್ನು ಎತ್ತದೆ ಆಟ ಮುಂದುವರಿಸಬಾರದು ಎನ್ನುವುದು ಅವರ ಬರೆಯದ ಕಟ್ಟಳೆ. ನಮ್ಮ ಸಂಘಗಳ ಮಹಾಸಭೆಗಳಲ್ಲಿ ಬಿದ್ದವನನ್ನು ಇಷ್ಟು ಬೇಗ ಎತ್ತಿದ್ದನ್ನು ನಾನು ಕಂಡಿಲ್ಲ.

ಮತ್ತೆ ಸಾಹಿಲನ ವಿಷಯಕ್ಕೆ. 2000ದಲ್ಲಿ ಮೊದಲ ಆಲ್ಬಮ್ ‘ಡೆಮನ್‌ಸ್ಟೀಲರ್’ ಬಂತು. ಆಮೇಲೆ ‘ಎ ಡಾರ್ಕ್‌ನೆಸ್ ಡಿಸೆಂಡ್ಸ್’ (2005), ‘ಬಿಯಾಂಡ್ ದ ಡಾರ್ಕ್‌ನೆಸ್’ (2007), ‘ದ ರಿಟರ್ನ್ ಟು ಡಾರ್ಕ್‌ನೆಸ್’ (2010) ಎಂಬ ತ್ರಿವಳಿ, ‘ದ ಡೆಮನ್ ಕಿಂಗ್’ (2014), ‘ದಶಾವತಾರ್’ (2017). ತ್ರಿವಳಿಯ ಕೊನೆಯದನ್ನು ಇಂಗ್ಲೆಂಡಿನ ಕ್ಯಾಂಡಲ್‌ಲೈಟ್ ರೆಕಾರ್ಡ್ಸ್ ಹೊರಗಿನ ಮಾರುಕಟ್ಟೆಗೆ ತಂದಿತು. 2010ರಲ್ಲಿ ಲಂಡನ್ನಿನ ‘ಮೆಟಲ್ ಹ್ಯಾಮರ್’ ಪತ್ರಿಕೆಯ ಗೋಲ್ಡನ್ ಗಾಡ್ಸ್ ಸಮಾರಂಭದಲ್ಲಿ ‘ಗ್ಲೋಬಲ್ ಮೆಟಲ್’ ಪ್ರಶಸ್ತಿ ಈ ತಂಡಕ್ಕೆ ಸಂದಿತು. ನಾರ್ವೆಯ ಇನ್ಫರ್ನೋ ಉತ್ಸವದ ವೇದಿಕೆಯನ್ನೂ ಹತ್ತಿದರು.

ಬೆಂಗಳೂರಿನವರು ಇಲ್ಲಿ ಕೈ ಎತ್ತುತ್ತಾರೆ, ಎತ್ತಲಿ. 1998ರಲ್ಲಿ ಹುಟ್ಟಿದ ಬೆಂಗಳೂರಿನ ‘ಕ್ರಿಪ್ಟೋಸ್’ ಇವರಿಗಿಂತ ಎರಡು ವರ್ಷ ಹಿರಿದು. 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿದ್ದೂ ನಿಜ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಅಲ್ಲೇ ಮೆಟಾಲಿಕಾ, ಹೀಗೆ ಹೊರದೇಶದ ದೊಡ್ಡ ತಂಡಗಳೂ ಬಂದು ನುಡಿಸಿದವು.  ಅವಕಾಶಗಳ ಲೆಕ್ಕದಲ್ಲಿ ಬೆಂಗಳೂರೇ ಮುಂದು. ಆದರೆ ಒಬ್ಬನೇ ಮನುಷ್ಯ ಇಡೀ ವ್ಯವಸ್ಥೆ ಹೊತ್ತ ಉದಾಹರಣೆ ಅಲ್ಲೂ ನನಗೆ ಕಂಡಿಲ್ಲ. ಧ್ವನಿಮುದ್ರಣಕ್ಕೆ ಹೋಗುವ ಸ್ಟುಡಿಯೋದವರಿಗೆ ಈ ಸಂಗೀತ ತಿಳಿಯದಿದ್ದಾಗ ಸಾಹಿಲ್ ತಾನೇ ಮುದ್ರಣ ಕಲಿತು ತನ್ನದೇ ಸ್ಟುಡಿಯೋ ಮಾಡಿದ, ಬೇರೆ ತಂಡಗಳನ್ನೂ ಅಲ್ಲಿ ಮುದ್ರಿಸಿದ. ಪ್ರಕಾಶಕರಿಲ್ಲ ಎಂದಾಗ ‘ಡೆಮನ್‌ಸ್ಟೀಲರ್ ರೆಕಾರ್ಡ್ಸ್’. ವೇದಿಕೆ ಕೊಡುವವರಿಲ್ಲ ಎಂದಾಗ ‘ರಿಸರೆಕ್ಷನ್’ ಎಂಬ ಉತ್ಸವ. ಇಷ್ಟಾದರೂ ಹೊಟ್ಟೆಗೆ ಆಗುವುದಿಲ್ಲ. ಮೆಟಲ್ ಟಿಕೆಟ್ಟಿನಿಂದ ಅಂಧೇರಿಯಲ್ಲಿ ಒಂದು ಖೋಲಿಯ ಬಾಡಿಗೆಯೂ ಹುಟ್ಟುವುದಿಲ್ಲ. ಕೊನೆಗೆ ಕೈಹಿಡಿದದ್ದು ಅಡುಗೆ. ‘ಹೆಡ್‌ಬ್ಯಾಂಗರ್ಸ್ ಕಿಚನ್’ ಎಂಬ ಯೂಟ್ಯೂಬ್ ಕಾರ್ಯಕ್ರಮ ಮೆಟಲ್ ಮಂದಿಯ ತಮಾಷೆಯಾಗಿ ಶುರುವಾಗಿ, ಮುಂದೆ ಕೀಟೋ ಪಥ್ಯದವರ ಗುರುಪೀಠವಾಯಿತು. ಇವತ್ತು ಅವನ ಪಾಕವಿಧಾನ ನೋಡಿ ಪನೀರ್ ಹುರಿಯುವ ಎಷ್ಟೋ ಗೃಹಿಣಿಯರಿಗೆ ಈತ ರಾಕ್ಷಸ ಕಂಠದ ಗಾಯಕ ಎಂಬುದೇ ಗೊತ್ತಿಲ್ಲ.

ತಂಡದ ಸದಸ್ಯರು ಬಂದರು, ಹೋದರು. ನೌಕರಿ, ಮದುವೆ, ಪರದೇಶ. ಎಲ್ಲ ಹವ್ಯಾಸಿ ತಂಡಗಳ ಹಾಡೂ ಇಷ್ಟೇ. ಕೊನೆತನಕ ಉಳಿದವನು ಒಬ್ಬ. ಇತ್ತೀಚಿನ ಬಳಗದ ಪಟ್ಟಿ ಓದುವಾಗ ಮಾತ್ರ ನಮ್ಮವರ ಕಣ್ಣು ತುಸು ನಿಲ್ಲುತ್ತದೆ. ಬೇಸ್ ಗಿಟಾರಿನಲ್ಲಿ ಅಶ್ವಿನ್ ಶ್ರೀಯಾನ್, ಲೀಡ್ ಗಿಟಾರಿನಲ್ಲಿ ನಿಶಿತ್ ಹೆಗ್ಡೆ. ಕುಲನಾಮ ಹಿಡಿದು ಊರು, ಬಳಿ ಎಲ್ಲ ವಿಚಾರಿಸಿ ‘ನಮ್ಮ ಹುಡುಗರು’ ಎಂದು ಸನ್ಮಾನಕ್ಕೆ ಹೊರಡುವುದು ನಮ್ಮ ಹಳೆಯ ಚಾಳಿ. ಅದಕ್ಕೆ ನಾನು ಇಳಿಯುವುದಿಲ್ಲ. ಅವರ ಕೈಚಳಕ ಅವರದೇ.

‘ದಶಾವತಾರ್’ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ಹತ್ತು ಹಾಡು, ಹಾಡಿಗೊಂದು ಅವತಾರ. ಮತ್ಸ್ಯದಿಂದ ಹಿಡಿದು ಕಲ್ಕಿಯವರೆಗೆ, ಬಲರಾಮನಿಲ್ಲ, ಬುದ್ಧನಿದ್ದಾನೆ. ಯಕ್ಷಗಾನವನ್ನು ದಶಾವತಾರ ಆಟ ಎಂದೇ ಕರೆದ ಕರಾವಳಿಯ ಜನಕ್ಕೆ ಇದರಲ್ಲಿ ಯಾವ ಕಥೆಯನ್ನೂ ವಿವರಿಸಬೇಕಿಲ್ಲ. ಅದಕ್ಕೂ ಹಿಂದೆ ದೆವ್ವ, ಕತ್ತಲೆ, ಕಲ್ಪಿತ ರಾಜ್ಯಗಳ ಕಥೆ ಹೇಳುತ್ತಿದ್ದ ತಂಡ ಇಲ್ಲಿ ಪುರಾಣಕ್ಕೆ ಕೈ ಹಾಕಿತು, ನಮ್ಮ ವಾದ್ಯಗಳ ನಾದವನ್ನೂ ಸೇರಿಸಿಕೊಂಡಿತು. ಎಲ್ಲವೂ ಸಮನಾಗಿ ಕೂಡಿಬಂದಿದೆ ಎನ್ನಲಾರೆ. ಕಟ್ಟೋಣದಲ್ಲಿ ‘ದ ರಿಟರ್ನ್ ಟು ಡಾರ್ಕ್‌ನೆಸ್’ ಇದಕ್ಕಿಂತ ಗಟ್ಟಿ ಎಂಬುದು ನನ್ನ ಅಭಿಪ್ರಾಯ. ಆದರೆ ನರಸಿಂಹನಿಗೆ ಈ ಕಂಠ ಒಪ್ಪುವಷ್ಟು ಬೇರೆ ಯಾವ ಲಘು ಸಂಗೀತವೂ ಒಪ್ಪದು. ಕಂಬ ಒಡೆದು ಬಂದವನು ಭಾವಗೀತೆಯ ದನಿಯಲ್ಲಿ ಮಾತಾಡುವುದುಂಟೇ!

ಅದರ ನಂತರ ಸಾಹಿಲ್ ಹೆಚ್ಚಾಗಿ ಒಬ್ಬಂಟಿ ಯೋಜನೆಯತ್ತ ಹೊರಳಿದ. ಅದಕ್ಕೂ ಮುಂಚೆಯೇ, 2016ರಲ್ಲಿ, ತಾನೊಬ್ಬನೇ ತಂದ ‘ದಿಸ್ ಬರ್ಡನ್ ಈಸ್ ಮೈನ್’ ಆಲ್ಬಮ್ಮಿಗೆ ‘ನೈಲ್’ ತಂಡದ ಗ್ರೀಕ್ ಡ್ರಮ್ಮರ್ ಜಾರ್ಜ್ ಕೊಲಿಯಾಸ್ ಬಾರಿಸಿದ್ದ. 2023ರಲ್ಲಿ ‘ದ ಪ್ರೊಪಗಂಡಾ ಮಷೀನ್’ ಬಂತು. ವೃತ್ತಪತ್ರಿಕೆಯ ಸುದ್ದಿಯೇ ಈಗ ಅವನ ಹಾಡಿನ ವಸ್ತು.

ಇಷ್ಟೆಲ್ಲ ಬರೆದದ್ದಕ್ಕೆ ಕಾರಣವಿದೆ. ಅಂಧೇರಿ ಪಶ್ಚಿಮದಲ್ಲಿ ಮೊಗವೀರ ಭವನದಂಥ ದೊಡ್ಡ ಸಭಾಗೃಹವಿದೆ, ಇರ್ಲಾದಲ್ಲಿ ಅದಮಾರು ಮಠವಿದೆ. ನಮ್ಮ ಹಿರಿಯರು ಚಂದಾ ಎತ್ತಿ, ತಟ್ಟೆ ತೊಳೆದ ದುಡ್ಡಿನಿಂದ ಇಂಥ ಜಾಗಗಳನ್ನು ಕಟ್ಟಿದರು. ಅದರಿಂದಲೇ ತಾಳಮದ್ದಳೆಗೆ, ಆಟಕ್ಕೆ ನಮಗೆ ನೆಲೆ ಸಿಕ್ಕಿತು. ಮೆಟಲ್ ಹುಡುಗರಿಗೆ ಅಂಥ ಹಿರಿಯರಿಲ್ಲ. ಕ್ಲಬ್ಬು ಮುಚ್ಚಿತು, ಮೈದಾನ ದುಬಾರಿಯಾಯಿತು, ಗಾಲಾದ ಬಾಡಿಗೆ ಏರಿತು. ಅವರ ಇಪ್ಪತ್ತೈದು ವರ್ಷದ ಚರಿತ್ರೆ ಬಾಡಿಗೆ ಮನೆ ಬದಲಿಸುವ ಚರಿತ್ರೆಯೇ.

ಹಾಗಾಗಿ ಸಂಘದ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ವರ್ಷಕ್ಕೆ ಒಂದು ಸಂಜೆ, ರಾತ್ರಿ ಹತ್ತರೊಳಗೆ ಮುಗಿಯುವಂತೆ, ನಮ್ಮ ಸಭಾಗೃಹವನ್ನು ಬಾಡಿಗೆಯಿಲ್ಲದೆ ಈ ಹುಡುಗರಿಗೆ ಬಿಟ್ಟುಕೊಡಿ. ಓದುಗರಲ್ಲೂ ಒಂದು ಕೋರಿಕೆ: ನಿಮ್ಮ ಮಕ್ಕಳ, ಅಳಿಯಂದಿರ ಕಪಾಟಿನಲ್ಲಿ ರಂಗಭವನದ, ಚಿತ್ರಕೂಟದ, ಬಿ 69ರ ಟಿಕೆಟ್ಟು, ಪೋಸ್ಟರು, ಕ್ಯಾಸೆಟ್ಟು ಏನಾದರೂ ಉಳಿದಿದ್ದರೆ ರದ್ದಿಗೆ ಹಾಕಬೇಡಿ. ಸಂಘದ ಕಚೇರಿಗೆ ತಲುಪಿಸಿ; ಯಾರದು, ಯಾವ ವರ್ಷದ್ದು ಎಂದು ಹಿಂಬದಿಯಲ್ಲಿ ಬರೆದಿಡಿ.