ಹಸ್ತಕ್ಷೇಪ

ಸಂಸ್ಕೃತದ ‘ಹಸ್ತ’ ಎಂದರೆ ಕೈ, ‘ಕ್ಷೇಪ’ ಎಂದರೆ ಹಾಕುವುದು. ಕೂಡಿದರೆ ಪರರ ಕೆಲಸದಲ್ಲಿ ಕೈಹಾಕುವುದು. ಹ್ಯಾಮ್ ರೇಡಿಯೊದ 7 ಮೆಗಾಹರ್ಟ್ಸ್ ಪಟ್ಟಿಯಲ್ಲಿ ದುರ್ಬಲ ದನಿಯನ್ನು ಮುಚ್ಚಿಬಿಡುವ ಕಂಪ್ಯೂಟರಿನ ಗೊರಗೊರ ಸದ್ದಿಗೂ ಇದೇ ಪದ ಸಲ್ಲುತ್ತದೆ. ಯಂತ್ರಕ್ಕೆ ಉದ್ದೇಶವಿಲ್ಲ, ಭೌತಶಾಸ್ತ್ರದ ‘ವ್ಯತಿಕರಣ’ವೇ ಸರಿ ಎನ್ನಬಹುದು. ಆದರೆ ವ್ಯತಿಕರಣವೆಂದರೆ ಅಲೆಗಳು ಒಂದರೊಡನೊಂದು ಕೂಡಿ ಹಿಗ್ಗುವ, ಕುಗ್ಗುವ ಸಹಜ ಕ್ರಿಯೆ. ಅಲ್ಲಿ ಹುಡುಕಬೇಕಾದ ತಪ್ಪಿತಸ್ಥನಿಲ್ಲ. ಹಸ್ತಕ್ಷೇಪಕ್ಕೆ ಒಂದು ಮೂಲವಿದೆ: ಅನೇಕ ವೇಳೆ ಚಾರ್ಜರಿನೊಳಗಿನ ಸ್ವಿಚಿಂಗ್ ಸರ್ಕಿಟ್; ಉದ್ದನೆಯ ಕೇಬಲ್ಲೇ ಅದಕ್ಕೆ ಆಂಟೆನಾ. ಕೊಲ್ಲಮೊಗ್ರಿನಂಥ ಘಟ್ಟದ ಬುಡದ ಊರಲ್ಲಿ, ಅಡಿಕೆ ತೋಟಗಳ ನಡುವೆ ಮನೆಗಳು ದೂರದೂರ ಇರುವಲ್ಲಿ, ಆ ‘ಕೈ’ ಸ್ವಂತ ಮನೆಯದೇ ಆಗಿರುವ ಸಂಭವ ಹೆಚ್ಚು. ರೇಡಿಯೊವನ್ನು ಬ್ಯಾಟರಿಗೆ ಜೋಡಿಸಿ, ಲ್ಯಾಪ್‌ಟಾಪನ್ನೂ ಮೇನ್ ಸ್ವಿಚ್ಚನ್ನೂ ಆಫ್ ಮಾಡಿ ಕೇಳಿ. ಸದ್ದು ನಿಂತರೆ ಒಂದೊಂದೇ ಉಪಕರಣ ಹಾಕುತ್ತ ಬನ್ನಿ. ಸಿಕ್ಕಿಬಿದ್ದ ಉಪಕರಣದ ಕೇಬಲ್ಲಿಗೆ ಸದ್ದು ತಗ್ಗಿಸುವ ಫೆರೈಟ್ ಉಂಗುರ ತೊಡಿಸಿ.