ನುಡಿಗಾಗಿ ಹುಟ್ಟಿದ ವಿದ್ಯಾಲಯ: ಬರ್ಲಿನ್ನಿನ ಸ್ವತಂತ್ರ ವಿಶ್ವವಿದ್ಯಾನಿಲಯ

ಅರಸರು ಕಟ್ಟಿಸಿದ ವಿಶ್ವವಿದ್ಯಾನಿಲಯಗಳುಂಟು, ಸಿರಿವಂತರು ದತ್ತಿಯಿತ್ತು ಕಟ್ಟಿಸಿದವೂ ಉಂಟು. ವಿದ್ಯಾರ್ಥಿಗಳೇ ಮುಂದೆ ನಿಂತು, ತಮ್ಮ ಮಾತಿಗೆ ಎಡೆಯಿಲ್ಲವೆಂಬ ಕಾರಣಕ್ಕೆ ಹೊಸ ವಿಶ್ವವಿದ್ಯಾನಿಲಯವೊಂದನ್ನು ಸ್ಥಾಪಿಸಿದ ನಿದರ್ಶನ ಮಾತ್ರ ವಿರಳ. 1948ರಲ್ಲಿ ಬರ್ಲಿನ್ ನಗರದಲ್ಲಿ ಹುಟ್ಟಿದ ‘ಸ್ವತಂತ್ರ ವಿಶ್ವವಿದ್ಯಾನಿಲಯ’ ಅಂತಹುದು. (ಇದನ್ನು ‘ಮುಕ್ತ’ ಎಂದು ಅನುವಾದಿಸಿದರೆ ನಮ್ಮವರಿಗೆ ದೂರಶಿಕ್ಷಣ ನೆನಪಾಗುತ್ತದೆ, ಇಲ್ಲಿನ ಅರ್ಥ ಬೇರೆ.)

ಎರಡನೆಯ ಮಹಾಯುದ್ಧದ ಬಳಿಕ ಬರ್ಲಿನ್ ನಾಲ್ಕು ವಿಜೇತ ರಾಷ್ಟ್ರಗಳ ನಡುವೆ ಹಂಚಿಹೋಯಿತು. 1810ರಷ್ಟು ಹಳೆಯದಾದ ಅಲ್ಲಿನ ವಿಶ್ವವಿದ್ಯಾನಿಲಯ ಸೋವಿಯತ್ ಪಾಲಿನ ಪ್ರದೇಶದಲ್ಲಿತ್ತು. 1933ರ ಮೇ 10ರಂದು ನಾಜಿಗಳು ಗ್ರಂಥಗಳನ್ನು ರಾಶಿ ಹಾಕಿ ಸುಟ್ಟದ್ದು ಇದೇ ವಿಶ್ವವಿದ್ಯಾನಿಲಯದ ಎದುರಿನ ಚೌಕದಲ್ಲಿ. 1946ರ ಜನವರಿಯಲ್ಲಿ ಅದು ಮತ್ತೆ ಬಾಗಿಲು ತೆರೆದಾಗ ತರಗತಿಗೆ ಬಂದವರಲ್ಲಿ ಅನೇಕರು ನಾಜಿ ಆಡಳಿತದ ಕಷ್ಟವನ್ನು ಸ್ವತಃ ಉಂಡವರು. ಇನ್ನಾದರೂ ನಿರ್ಭಯವಾಗಿ ಮಾತನಾಡಬಹುದೆಂದು ಅವರು ನಂಬಿದ್ದರು. ಆದರೆ ಅದೇ ವರ್ಷದ ಮೇ ದಿನಾಚರಣೆಗೆ ವಿಶ್ವವಿದ್ಯಾನಿಲಯದ ಕಟ್ಟಡದ ಮೇಲೆ ಆಳುವ ಪಕ್ಷದ ಲಾಂಛನ ಏರಿತು. ಅದನ್ನು ಪ್ರತಿಭಟಿಸಿದವರ ಮೇಲೆ ಕಣ್ಣಿಡಲಾಯಿತು. 1947ರಲ್ಲಿ ಹಲವು ವಿದ್ಯಾರ್ಥಿಗಳ ಬಂಧನವಾಯಿತು. ವೈದ್ಯಕೀಯ ವಿದ್ಯಾರ್ಥಿ ಗೇಯೋರ್ಗ್ ವ್ರಾಝಿಡ್ಲೊ ನಾಜಿಗಳ ಬುಖೆನ್‌ವಾಲ್ಡ್ ಶಿಬಿರದಿಂದ ಜೀವ ಉಳಿಸಿಕೊಂಡು ಬಂದವನು. ಅವನಿಗೆ ಸೋವಿಯತ್ ನ್ಯಾಯಮಂಡಲಿ 25 ವರ್ಷಗಳ ಶಿಕ್ಷೆ ವಿಧಿಸಿತು. ಒಂದು ಸೆರೆಯಿಂದ ಬಿಡುಗಡೆಯಾದದ್ದು ಇನ್ನೊಂದು ಸೆರೆಗೆ!

ಬಾಯಿ ಕಟ್ಟಿದರೂ ಲೇಖನಿ ನಿಲ್ಲಲಿಲ್ಲ. ‘ಕೊಲೋಕ್ವಿಯುಂ’ (ಸಂವಾದ ಎಂದರ್ಥ) ಎಂಬ ವಿದ್ಯಾರ್ಥಿ ಪತ್ರಿಕೆ ಈ ಅನ್ಯಾಯಗಳನ್ನು ಬರೆಯುತ್ತ ಬಂದಿತು. 1948ರ ಏಪ್ರಿಲ್ 16ರಂದು ಆ ಪತ್ರಿಕೆಯ ಒಟ್ಟೊ ಹೆಸ್, ಯೋಆಖಿಮ್ ಶ್ವಾರ್ಟ್ಸ್, ಒಟ್ಟೊ ಷ್ಟೋಲ್ಟ್ಸ್ ಎಂಬ ಮೂವರ ವ್ಯಾಸಂಗದ ಅನುಮತಿಯನ್ನು, ವಿಚಾರಣೆಯನ್ನೇ ನಡೆಸದೆ, ಕಿತ್ತುಕೊಳ್ಳಲಾಯಿತು. ಒಂದು ವಾರದೊಳಗೆ, ಏಪ್ರಿಲ್ 23ರಂದು, ಎಸ್ಪ್ಲನಾಡ ಎಂಬ ಹೋಟೆಲಿನ ಬಳಿ ಸುಮಾರು 2,000 ವಿದ್ಯಾರ್ಥಿಗಳು ಸೇರಿದರು. ಹಳೆಯ ಮನೆಯಲ್ಲಿ ಜಾಗವಿಲ್ಲವಾದರೆ ಹೊಸ ಮನೆಯನ್ನೇ ಕಟ್ಟೋಣ ಎಂಬ ಮಾತು ಅಲ್ಲಿ ಗಟ್ಟಿಗೊಂಡಿತು.

ಕಾಲ ಅನುಕೂಲವಾಗಿರಲಿಲ್ಲ. ಜೂನ್ ತಿಂಗಳಲ್ಲಿ ಸೋವಿಯತ್ ಸೇನೆ ಪಶ್ಚಿಮ ಬರ್ಲಿನ್ನಿಗೆ ನೆಲದ ದಾರಿಗಳನ್ನೆಲ್ಲ ಮುಚ್ಚಿತು. ಕಲ್ಲಿದ್ದಲು, ಹಿಟ್ಟು ಎಲ್ಲವೂ ವಿಮಾನದಲ್ಲಿಯೇ ಬರಬೇಕಾಯಿತು. ಅಂತಹ ದಿಗ್ಬಂಧನದ ನಡುವೆ, ಅಮೆರಿಕನ್ನರ ನೆರವಿನಿಂದ ಹಾಗೂ ನಗರದ ನಾಯಕ ಎರ್ನ್ಸ್ಟ್ ರಾಯ್ಟರ್ ಅವರ ಬೆಂಬಲದಿಂದ, ಡಾಹ್ಲೆಮ್ ಬಡಾವಣೆಯಲ್ಲಿ ಕಟ್ಟಡಗಳು ದೊರೆತು ನವೆಂಬರಿನಲ್ಲಿ ಪಾಠ ಪ್ರಾರಂಭವಾಯಿತು. ಡಿಸೆಂಬರ್ 4ರಂದು ವಿಧ್ಯುಕ್ತ ಸ್ಥಾಪನೆ. ಮೊದಲ ಕುಲಪತಿಯಾದವರು 86 ವರ್ಷದ ಇತಿಹಾಸಕಾರ ಫ್ರೀಡ್ರಿಖ್ ಮೈನೆಕೆ. ದಾಖಲಾತಿ ಸಂಖ್ಯೆ ಒಂದು ಯಾರಿಗೆಂಬುದು ಇಬ್ಬರು ವೈದ್ಯಕೀಯ ವಿದ್ಯಾರ್ಥಿಗಳ ನಡುವೆ ನಾಣ್ಯ ಚಿಮ್ಮಿ ನಿರ್ಧಾರವಾಯಿತು! ಅದು ಸ್ಟಾನಿಸ್ಲಾವ್ ಕುಬಿಟ್ಸ್ಕಿಗೆ ಒಲಿಯಿತು. ಆಡಳಿತ ಮಂಡಲಿಗಳಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳಿಗೂ ಮತಾಧಿಕಾರ ದೊರೆತದ್ದು ಅಂದಿನ ಜರ್ಮನಿಗೆ ಹೊಸದು. ಸತ್ಯ, ನ್ಯಾಯ, ಸ್ವಾತಂತ್ರ್ಯ ಎಂಬ ಮೂರು ಲ್ಯಾಟಿನ್ ಪದಗಳು ಅದರ ಲಾಂಛನದಲ್ಲಿ ನೆಲೆಸಿದವು. ಈ ಪದಗಳಿಗೆ ತೆತ್ತ ಬೆಲೆಯೂ ಸಣ್ಣದಲ್ಲ. 1950ರಿಂದ 1952ರ ಅವಧಿಯಲ್ಲಿ ಈ ವಿಶ್ವವಿದ್ಯಾನಿಲಯದ ಹತ್ತು ವಿದ್ಯಾರ್ಥಿಗಳನ್ನು ಮಾಸ್ಕೋದಲ್ಲಿ ಮರಣದಂಡನೆಗೆ ಗುರಿಪಡಿಸಲಾಯಿತು.

ಇಲ್ಲಿಗೆ ಕಥೆ ನಿಲ್ಲಿಸುವವರೇ ಹೆಚ್ಚು. ಆದರೆ ನುಡಿಗೆ ತಕ್ಕ ನಡೆ ಇತ್ತೆ ಎಂಬ ಪ್ರಶ್ನೆ ಮುಂದಿನ ಪುಟಗಳಲ್ಲಿದೆ. ಎರಿಖ್ ಕೂಬಿ ಎಂಬ ಪತ್ರಕರ್ತ 1958ರಲ್ಲಿ ಈ ವಿಶ್ವವಿದ್ಯಾನಿಲಯದ ಹೆಸರನ್ನೇ ಟೀಕಿಸಿದ್ದರು. ಗಡಿಯಾಚೆಯ ಸ್ವಾತಂತ್ರ್ಯಹೀನ ವಿದ್ಯಾಲಯಕ್ಕೆ ವಿರೋಧವಾಗಿಯೇ ತನ್ನನ್ನು ಗುರುತಿಸಿಕೊಳ್ಳುವುದು ಒಳಗಿನ ಒಂದು ಬಂಧನವೆಂಬುದು ಅವರ ವಾದದ ತಿರುಳು. 1965ರ ಮೇ ತಿಂಗಳಲ್ಲಿ, ಯುದ್ಧ ಮುಗಿದ 20ನೆಯ ವರ್ಷದ ಚರ್ಚೆಗೆ ವಿದ್ಯಾರ್ಥಿಗಳು ಅವರನ್ನು ಆಹ್ವಾನಿಸಿದಾಗ ಕುಲಪತಿ ಹೆರ್ಬರ್ಟ್ ಲ್ಯೂಯರ್ಸ್ ಆವರಣದೊಳಗೆ ಮಾತನಾಡಲು ಬಿಡಲಿಲ್ಲ. ಕೂಬಿಯವರ ಮಾತು ಸರಿಯೋ ತಪ್ಪೋ, ಅದನ್ನು ತಡೆದವರೇ ಅದಕ್ಕೆ ಸಾಕ್ಷ್ಯ ಒದಗಿಸಿದರು. ಅದೇ ವರ್ಷ, ಪತ್ರಿಕೆಯಲ್ಲಿ ಕುಲಪತಿಗಳ ನಡೆಯನ್ನು ಟೀಕಿಸಿ ಬರೆದ ಕಿರಿಯ ಅಧ್ಯಾಪಕ ಎಕ್ಕೆಹಾರ್ಟ್ ಕ್ರಿಪ್ಪೆನ್‌ಡೋರ್ಫ್, ಬರಹದಲ್ಲಿದ್ದ ತಪ್ಪಿಗೆ ಕ್ಷಮೆ ಕೇಳಿದ್ದರೂ, ಅವರ ಹುದ್ದೆಯ ಅವಧಿಯನ್ನು ಮುಂದುವರಿಸಲಿಲ್ಲ.

ವಿದ್ಯಾರ್ಥಿಗಳು ಈ ಬಾರಿ ಇನ್ನೊಂದು ವಿಶ್ವವಿದ್ಯಾನಿಲಯ ಕಟ್ಟಲು ಹೊರಡಲಿಲ್ಲ. ಆವರಣದಲ್ಲಿ ರಾಜಕೀಯ ಸಭೆಗಳಿಗೆ ತಡೆ ಬಿದ್ದ ಮೇಲೆ, 1966ರ ಜೂನ್ 22ರಂದು ಸುಮಾರು 3,000 ಮಂದಿ ಹೆನ್ರಿ ಫೋರ್ಡ್ ಭವನದಲ್ಲಿ ಧರಣಿ ಕುಳಿತರು, ಮತ್ತು ಆ ರಾತ್ರಿಯೆಲ್ಲ ಅಲ್ಲಿಯೇ ಚರ್ಚಿಸಿದರು.