ಜೊಂಡಿನ ಮರೆಯ ಉಲ್ಲಂಕಿ: ಬೆಂಗಳೂರಿನ ಕೆರೆಯಂಚಿನ ಒಂದು ಚರಿತ್ರೆ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯ ನೆತ್ತಿಯ ಮೇಲಿರುವ ಬೆಂಗಳೂರಿಗೆ ಹೇಳಿಕೊಳ್ಳುವಂಥ ನದಿಯಿಲ್ಲದ ಕಾರಣ, ಮಳೆನೀರು ಇಳಿದು ಹೋಗುವ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಮತ್ತು ವೃಷಭಾವತಿ ಎಂಬ ಮೂರು ಕಣಿವೆಗಳಿಗೆ ಅಡ್ಡಲಾಗಿ ಏರಿ ಹಾಕಿ, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಕೆರೆಗಳ ಸರಪಳಿಯನ್ನು ಹಿಂದಿನವರು ಕಟ್ಟಿದರು. ಲಾಲ್‌ಬಾಗ್‌ಗೂ ಹೊಸೂರು ರಸ್ತೆಗೂ ನಡುವೆ ಇರುವ ವಿಲ್ಸನ್ ಗಾರ್ಡನ್ ಈ ಪೈಕಿ ಕೋರಮಂಗಲ ಕಣಿವೆಯ ಮೇಲ್ಭಾಗಕ್ಕೆ ಸೇರಿದ್ದು, ಅದರ ಆಸುಪಾಸಿನ ನೀರು ಕೊನೆಗೆ ಬೆಳ್ಳಂದೂರು ಕೆರೆಯನ್ನು ಮುಟ್ಟುತ್ತದೆ. ಇಂಥ ಕೆರೆಗಳಲ್ಲಿ ಜೌಗು ಹುಟ್ಟುವುದು ಎರಡು ಕಡೆ: ನೀರು ತೆಳುವಾಗಿ ಹರಡಿ ಜೊಂಡು ಬೆಳೆಯುವ ಹಿನ್ನೀರಿನ ಅಂಚಿನಲ್ಲಿ ಮತ್ತು ಏರಿಯ ಕೆಳಗೆ ತೂಬಿನ ನೀರುಣ್ಣುವ ಅಚ್ಚುಕಟ್ಟಿನ ಗದ್ದೆಗಳಲ್ಲಿ. ಹಾಗಾಗಿ ಇಲ್ಲಿನ ಜೌಗು ಹಕ್ಕಿಗಳನ್ನು ಕಾಡಿನ ಒಕ್ಕಲುಗಳೆನ್ನುವುದಕ್ಕಿಂತ ನೀರಾವರಿಯ ಅತಿಥಿಗಳೆನ್ನುವುದೇ ಸರಿ.

ಈ ಅತಿಥಿಗಳಲ್ಲಿ ಅತ್ಯಂತ ಸಂಕೋಚದ್ದು ಉಲ್ಲಂಕಿ, ಅಂದರೆ ಪಕ್ಷಿವೀಕ್ಷಕರು ಸ್ನೈಪ್ ಎಂದು ಕರೆಯುವ, ಮೈಗಿಂತ ಕೊಕ್ಕೇ ಮೊದಲು ಗಮನಕ್ಕೆ ಬರುವ ಕಂದು ಹಕ್ಕಿ. ಮಳೆಗಾಲ ಮುಗಿಯುವ ಹೊತ್ತಿಗೆ ಉತ್ತರ ಏಷ್ಯಾದಿಂದ ವಲಸೆ ಬರುವ ಇದು, ಕೆಸರಿನೊಳಗಿನ ಹುಳುಗಳನ್ನು ಸ್ಪರ್ಶದಿಂದಲೇ ಗುರುತಿಸಬಲ್ಲ ಮೆತ್ತನೆಯ ಕೊಕ್ಕಿನ ತುದಿಯಿಂದ ಮುಸ್ಸಂಜೆ ಮತ್ತು ಇರುಳಿನಲ್ಲಿ ಮೇಯುತ್ತದೆ. ಹಗಲಲ್ಲಿ ಬೆನ್ನಿನ ಪಟ್ಟೆಗಳನ್ನು ಒಣಹುಲ್ಲಿನೊಂದಿಗೆ ಬೆರೆಸಿ ಅಲುಗಾಡದೆ ಕುಳಿತು, ಮನುಷ್ಯನ ಕಾಲು ತೀರಾ ಹತ್ತಿರ ಬಂದಾಗ ಮಾತ್ರ ಥಟ್ಟನೆ ಎದ್ದು ಅಂಕುಡೊಂಕಾಗಿ ಹಾರುತ್ತದೆ. ಆದ್ದರಿಂದ ಉಲ್ಲಂಕಿಯನ್ನು ಅರಿತವರ ಚರಿತ್ರೆಯೆಂದರೆ ಬಹುಮಟ್ಟಿಗೆ ಕೆಸರಿಗೆ ಇಳಿದವರ ಚರಿತ್ರೆಯೇ ಆಗಿದೆ.

ಮೊದಲು ಇಳಿದವರು ನಾಟಿ ಮಾಡುವವರು, ಮೀನು ಹಿಡಿಯುವವರು, ಜೊಂಡು ಕೊಯ್ಯುವವರು ಮತ್ತು ತೂಬು ತೆರೆದು ನೀರು ಹಂಚುವ ಹೊಣೆ ಹೊತ್ತ ನೀರುಗಂಟಿಗಳು. ಅವರ ತಿಳಿವಳಿಕೆ ಕಾಗದಕ್ಕೆ ಏರಲಿಲ್ಲ. ಕಾಗದಕ್ಕೆ ಏರಿದ್ದು ಬಂದೂಕು ಹಿಡಿದವರದು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ಪ್ರದೇಶ ನೆಲೆಗೊಂಡ ಮೇಲೆ ಬ್ರಿಟಿಷ್ ಅಧಿಕಾರಿಗಳು ಬೇರೆಲ್ಲ ದಂಡಿನ ಊರುಗಳಲ್ಲಿ ಆಡುತ್ತಿದ್ದ ಉಲ್ಲಂಕಿ ಬೇಟೆಯನ್ನು ಇಲ್ಲಿನ ಕೆರೆ-ಗದ್ದೆಗಳಿಗೂ ತಂದರು. ಬೇಟೆಯ ಹಕ್ಕಿಗಳ ಕುರಿತು ಪಕ್ಷಿತಜ್ಞರಾದ ಹ್ಯೂಮ್ ಮತ್ತು ಮಾರ್ಷಲ್ 1879ರಿಂದ 1881ರವರೆಗೆ ಮೂರು ಸಂಪುಟಗಳನ್ನು ಪ್ರಕಟಿಸುವ ಹೊತ್ತಿಗೆ, ನೋಡಲು ಒಂದೇ ತೆರನಾದ ಉಲ್ಲಂಕಿಗಳನ್ನು ಬಾಲದ ಗರಿ ಎಣಿಸಿ ಬೇರ್ಪಡಿಸುವುದು ಶಿಕಾರಿಗಳಿಗೆ ರೂಢಿಯಾಗಿತ್ತು: ಸಾಮಾನ್ಯ ಉಲ್ಲಂಕಿಗೆ ಹೆಚ್ಚಾಗಿ 14 ಗರಿಗಳು, ಪಿನ್‌ಟೇಲ್ ಉಲ್ಲಂಕಿಗೆ 26ರ ಆಸುಪಾಸು, ಅವುಗಳಲ್ಲಿ ಹೊರಗಿನವು ಗುಂಡುಸೂಜಿಯಂತೆ ಸಣ್ಣ. ಇದೇ ಜೊಂಡಿನಲ್ಲಿ ಬದುಕುತ್ತಿದ್ದ ಹುಂಡುಕೋಳಿ, ಅದಕ್ಕಿಂತಲೂ ಪುಟ್ಟ ಬೈಲನ್ಸ್ ಕ್ರೇಕ್, ಹೆಣ್ಣೇ ಬಣ್ಣಬಣ್ಣವಾಗಿದ್ದು ಗಂಡು ಕಾವು ಕೂರುವ ಪೇಂಟೆಡ್ ಸ್ನೈಪ್ ಇವುಗಳ ಬಗ್ಗೆ ಅಷ್ಟು ಆಸ್ಥೆ ಕಾಣದಿರುವುದಕ್ಕೆ ಅವು ತೋಟೆಯ ಬೆಲೆಗೆ ತಕ್ಕ ಬೇಟೆಯಲ್ಲವೆಂಬುದೇ ಕಾರಣವಾಗಿರಬೇಕು.

ಸಾಲಿಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದಾಗಲೂ ಹಕ್ಕಿಯನ್ನು ಹೊಡೆದು ಚರ್ಮ ಕಾಪಿಡುವ ಪದ್ಧತಿಯೇ ಮುಖ್ಯವಾಗಿತ್ತು. ಬದಲಾವಣೆ ಬಂದದ್ದು 1970ರ ದಶಕದಲ್ಲಿ. ವಿಲ್ಸನ್ ಗಾರ್ಡನ್‌ಗೆ ಕೂಗಳತೆಯ ಲಾಲ್‌ಬಾಗ್‌ನಲ್ಲಿ ತಿಂಗಳ ಎರಡನೆಯ ಭಾನುವಾರ ಸೇರುವ ಪರಿಪಾಠ ಬೆಳೆಸಿದ ಬೆಂಗಳೂರಿನ ಪಕ್ಷಿವೀಕ್ಷಕರ ಕ್ಷೇತ್ರ ಸಂಘ ದುರ್ಬೀನನ್ನೇ ಸಾಧನವಾಗಿಸಿಕೊಂಡಿತು; ಅದರ ಹಿರಿಯರಲ್ಲೊಬ್ಬರಾದ ಡಾ. ಜೋಸೆಫ್ ಜಾರ್ಜ್ ಸಂಪಾದಿಸಿದ ಬೆಂಗಳೂರಿನ ಪಕ್ಷಿಗಳ ಟಿಪ್ಪಣಿ ಸಹಿತ ಪಟ್ಟಿ 1994ರಲ್ಲಿ ಹೊರಬಂತು. ನಡುವೆ 1987ರಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ಆರಂಭವಾಯಿತು, 1991ರ ತಿದ್ದುಪಡಿಯಿಂದ ವನ್ಯಜೀವಿ ಕಾಯ್ದೆಯಡಿ ಪರವಾನಗಿಯ ಬೇಟೆಯೂ ನಿಂತಿತು. ಏರಿಯ ಮೇಲೆ ನಿಂತು ಎಣಿಸುವ ಗಣತಿಗೆ ಬಾತುಗಳೂ ನಾಮದ ಕೋಳಿಗಳೂ ಸಿಕ್ಕುವಷ್ಟು ಸುಲಭವಾಗಿ ಜೊಂಡಿನೊಳಗಿನ ಹಕ್ಕಿ ಸಿಕ್ಕುವುದಿಲ್ಲವೆಂಬುದನ್ನು ಅಂಕಿಗಳನ್ನು ಓದುವವರು ಮರೆಯುವಂತಿಲ್ಲ.

ಹಕ್ಕಿಗೆ ಗುಂಡಿನ ಭಯ ತಪ್ಪುತ್ತಿದ್ದ ಕಾಲದಲ್ಲೇ ನೆಲ ತಪ್ಪುತ್ತಿತ್ತು. ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, 1974ರಿಂದ ಕಾವೇರಿ ಹೀಗೆ ದೂರದ ನೀರು ಬರತೊಡಗಿದ ಮೇಲೆ ಊರೊಳಗಿನ ಕೆರೆ ಊರಿಗೆ ಬೇಡವಾಯಿತು: ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ವಿಲ್ಸನ್ ಗಾರ್ಡನ್‌ಗೆ ಹತ್ತಿರದ ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನವಾಯಿತು, ಕೋರಮಂಗಲದ ಕೆರೆಯಂಗಳದ ಮೇಲೆ ರಾಷ್ಟ್ರೀಯ ಕ್ರೀಡಾಗ್ರಾಮ ಎದ್ದಿತು. ಅಚ್ಚುಕಟ್ಟಿನ ಗದ್ದೆಗಳು ಬಡಾವಣೆಗಳಾದವು. ಉಳಿದ ಕೆರೆಗಳಿಗೆ ನಡೆದ ಅಭಿವೃದ್ಧಿಯಲ್ಲೂ ಹೂಳೆತ್ತಿ ದಡವನ್ನು ಕಡಿದಾಗಿಸಿ ಸುತ್ತ ನಡಿಗೆಯ ಪಥ ಹಾಕುವುದೇ ಅನೇಕ ಕಡೆ ಮಾದರಿಯಾದದ್ದರಿಂದ, ನೀರು ಹೆಚ್ಚಿದರೂ ಉಲ್ಲಂಕಿಗೆ ಬೇಕಾದ ಬೆರಳುದ್ದ ನೀರಿನ ಕೆಸರಂಚು ಇಲ್ಲವಾಯಿತು. ಕೆರೆ ಉಳಿಸುವ ಕೆಲಸದಲ್ಲಿ ಜೊಂಡನ್ನು ಕೊಳೆಯೆಂದು ಎಣಿಸಿದ್ದು ದೊಡ್ಡ ಅವಿವೇಕವೆಂದೇ ಹೇಳಬೇಕು.

ಪಥದ ಮೇಲಿನ ವೀಕ್ಷಕ ಕೆಸರಿಗಿಳಿಯುವುದಿಲ್ಲ. ಇಳಿದು ಎಬ್ಬಿಸುವುದು ಹಕ್ಕಿಗೆ ಹಿಂಸೆಯೆಂಬ ಶಿಷ್ಟಾಚಾರವೂ ಬೆಳೆದಿದೆ. ಇದರ ಫಲವಾಗಿ ಶಿಕಾರಿಯೊಬ್ಬ ಕೈಯಲ್ಲಿ ಹಿಡಿದು ಗರಿ ಎಣಿಸಿ ಬಗೆಹರಿಸುತ್ತಿದ್ದ ಪ್ರಶ್ನೆ ಇಂದು ಜಟಿಲವಾಗಿದೆ: ಪಿನ್‌ಟೇಲ್ ಮತ್ತು ಅದನ್ನೇ ಹೋಲುವ ಸ್ವಿನ್‌ಹೋ ಉಲ್ಲಂಕಿಗಳು ಕುಳಿತಾಗ ಬಾಲ ಮುಚ್ಚಿರುವುದರಿಂದ, ಇ-ಬರ್ಡ್ ಎಂಬ ಜಾಗತಿಕ ದಾಖಲೆಯಲ್ಲಿ ಎರಡನ್ನೂ ಸೇರಿಸಿ ನಮೂದಿಸಲು ಪ್ರತ್ಯೇಕ ಶೀರ್ಷಿಕೆಯೇ ಇದೆ. ಹಕ್ಕಿ ಮೈಮುರಿದು ಬಾಲ ಬಿಚ್ಚುವ ಅರೆಕ್ಷಣದ ಛಾಯಾಚಿತ್ರ ಸಿಕ್ಕವರು ಮಾತ್ರ ಹೊರಗರಿಗಳ ಅಗಲ ನೋಡಿ, ಒಂದು ಹೆಸರನ್ನು ಧೈರ್ಯವಾಗಿ ಬರೆಯುತ್ತಾರೆ.